ವಿಶೇಷಾಧಿಕಾರ ಪ್ರವೇಶ ನಿರ್ವಹಣೆಯ ತಂತ್ರಾಂಶಗಳು: ಒಂದು ಚಾರಿತ್ರಿಕ ತುಲನೆ

ಪೀಠಿಕೆ

ಗಣಕಯಂತ್ರಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಯಂತ್ರಗಳ ವೇಗ, ಗಾತ್ರ ಹಾಗೂ ಬೆಲೆಗಳಲ್ಲಾದ ಬದಲಾವಣೆಗಳಿಗೆ ಹೆಚ್ಚಿನ ಗಮನ ನೀಡಿದ್ದಾರೆ. ಆ ಯಂತ್ರಗಳ ಒಳಗೆ ಯಾರಿಗೆ ಎಷ್ಟು ಅಧಿಕಾರವಿತ್ತು, ಆ ಅಧಿಕಾರದ ಬಳಕೆಗೆ ಲೆಕ್ಕವಿಡಲಾಗುತ್ತಿತ್ತೇ ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಬ್ಯಾಂಕು, ಕಾರ್ಖಾನೆ, ಆಸ್ಪತ್ರೆ, ಸರ್ಕಾರಿ ಕಚೇರಿ ಯಾವುದೇ ಇರಲಿ, ಅಲ್ಲಿನ ಗಣಕ ವ್ಯವಸ್ಥೆಯಲ್ಲಿ ಎರಡು ಬಗೆಯ ಬಳಕೆದಾರರು ಕಂಡುಬರುತ್ತಾರೆ. ತಮಗೆ ಗೊತ್ತುಪಡಿಸಿದ ಕೆಲಸವನ್ನಷ್ಟೇ ಮಾಡಬಲ್ಲವರು ಮೊದಲನೆಯವರು. ಖಾತೆಗಳನ್ನು ತೆರೆಯುವ, ಅಳಿಸುವ, ದತ್ತಾಂಶವನ್ನು ನೇರವಾಗಿ ತಿದ್ದುವ, ದಾಖಲೆಗಳನ್ನೇ ಇಲ್ಲವಾಗಿಸುವ ಸಾಮರ್ಥ್ಯವುಳ್ಳ ನಿರ್ವಾಹಕರು ಎರಡನೆಯವರು. ಈ ಎರಡನೆಯವರ ಅಧಿಕಾರಕ್ಕೆ ವಿಶೇಷಾಧಿಕಾರವೆಂದೂ, ಅದನ್ನು ಕೊಡುವ, ಅಳೆಯುವ, ದಾಖಲಿಸುವ, ಹಿಂಪಡೆಯುವ ಕ್ರಮಕ್ಕೆ ವಿಶೇಷಾಧಿಕಾರ ಪ್ರವೇಶ ನಿರ್ವಹಣೆಯೆಂದೂ ಹೆಸರು.

ಈ ಕಾರ್ಯಕ್ಕೆಂದು ರೂಪುಗೊಂಡ ತಂತ್ರಾಂಶಗಳನ್ನು ಹೋಲಿಸುವಾಗ ಬೆಲೆ, ಸೌಲಭ್ಯಗಳ ಸಂಖ್ಯೆ, ಅಳವಡಿಕೆಯ ಸುಲಭತೆಗಳನ್ನು ಪಟ್ಟಿ ಮಾಡುವುದು ವಾಣಿಜ್ಯ ಲೋಕದ ರೂಢಿ. ಪ್ರಸ್ತುತ ಪ್ರಬಂಧದಲ್ಲಿ ಈ ತಂತ್ರಾಂಶಗಳನ್ನು ಅವುಗಳ ಚಾರಿತ್ರಿಕ ಹಿನ್ನೆಲೆಯಲ್ಲಿಟ್ಟು ಹೋಲಿಸಲು ಪ್ರಯತ್ನಿಸಲಾಗಿದೆ. ಕಳ್ಳನನ್ನು ಹೊರಗಿಡುವುದು ಈ ವ್ಯವಸ್ಥೆಗಳ ಒಂದು ಉದ್ದೇಶ ಮಾತ್ರ. ನಡೆದ ಕೃತ್ಯಕ್ಕೆ ಯಾರು ಹೊಣೆಗಾರರೆಂಬುದನ್ನು ಖಚಿತವಾಗಿ ತಿಳಿಸುವುದು ಅಷ್ಟೇ ಮುಖ್ಯವಾದ ಇನ್ನೊಂದು ಉದ್ದೇಶ. ಹೊಣೆ ಗುರುತಾಗದ ಕಡೆ ತಪ್ಪಿನ ಭಾರ ದುರ್ಬಲರ ಮೇಲೆ ಬೀಳುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಸ್ಪಷ್ಟ ನಿದರ್ಶನವಿದೆ.

ಅವಿಭಕ್ತ ಅಧಿಕಾರದ ಉಗಮ

ಒಂದೇ ಗಣಕಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಪದ್ಧತಿಯೊಂದಿಗೆ ಈ ಸಮಸ್ಯೆಯೂ ಹುಟ್ಟಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ರೂಪುಗೊಂಡ ಸಿ.ಟಿ.ಎಸ್.ಎಸ್. ಎಂಬ ಕಾಲಹಂಚಿಕೆ ವ್ಯವಸ್ಥೆಯನ್ನು 1961ರ ನವೆಂಬರ್‌ನಲ್ಲಿ ಪ್ರದರ್ಶಿಸಲಾಯಿತು. ಪ್ರತಿಯೊಬ್ಬ ಬಳಕೆದಾರನ ಕಡತಗಳನ್ನು ಪ್ರತ್ಯೇಕಿಸಲು ಗುಪ್ತಪದವನ್ನು ಬಳಸಿದ ಆರಂಭದ ವ್ಯವಸ್ಥೆಗಳಲ್ಲಿ ಇದೂ ಒಂದು. ಆದರೆ ಎಲ್ಲ ಗುಪ್ತಪದಗಳೂ ಒಂದೇ ಕಡತದಲ್ಲಿ ಇದ್ದವು. 1960ರ ದಶಕದ ಮಧ್ಯಭಾಗದಲ್ಲಿ ಒಬ್ಬ ನಿರ್ವಾಹಕ ಗುಪ್ತಪದಗಳ ಕಡತವನ್ನೂ ಇನ್ನೊಬ್ಬ ನಿರ್ವಾಹಕ ದಿನದ ಸ್ವಾಗತ ಸಂದೇಶವನ್ನೂ ಒಂದೇ ಹೊತ್ತಿನಲ್ಲಿ ತಿದ್ದುತ್ತಿದ್ದಾಗ ತಾತ್ಕಾಲಿಕ ಕಡತಗಳು ಅದಲುಬದಲಾದವು. ಪರಿಣಾಮವಾಗಿ, ಯಂತ್ರವನ್ನು ಪ್ರವೇಶಿಸಿದವರಿಗೆಲ್ಲ ಎಲ್ಲರ ಗುಪ್ತಪದಗಳೂ ಕಾಣಿಸಿಕೊಂಡವು. ಈ ಪ್ರಸಂಗದಲ್ಲಿ ಯಾವ ಶತ್ರುವೂ ಇರಲಿಲ್ಲ. ಹೆಚ್ಚಿನ ಅಧಿಕಾರವಿದ್ದ ಇಬ್ಬರು ತಮ್ಮ ತಮ್ಮ ಕರ್ತವ್ಯವನ್ನು ನಿರ್ವಹಿಸುತ್ತಿದ್ದರು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಹಾಗೂ ಡೆನಿಸ್ ರಿಚಿ ಅವರಿಂದ ಆರಂಭವಾದ ಯೂನಿಕ್ಸ್ ವ್ಯವಸ್ಥೆಯು ಅಧಿಕಾರವನ್ನು ತೀರ ಸರಳವಾಗಿ ವಿಂಗಡಿಸಿತು. ಸೊನ್ನೆ ಎಂಬ ಗುರುತುಸಂಖ್ಯೆಯುಳ್ಳ 'ರೂಟ್' ಖಾತೆಗೆ ಎಲ್ಲವೂ ಸಾಧ್ಯ. ಉಳಿದ ಖಾತೆಗಳಿಗೆ ಮಿತಿಯುಂಟು. ಈ ಎರಡರ ನಡುವೆ ಮೆಟ್ಟಿಲುಗಳಿರಲಿಲ್ಲ. ಸಾಮಾನ್ಯ ಬಳಕೆದಾರನು ನಿರ್ದಿಷ್ಟ ಕಾರ್ಯಕ್ರಮವೊಂದನ್ನು ನಡೆಸುವಾಗ ಮಾತ್ರ ಆ ಕಾರ್ಯಕ್ರಮದ ಒಡೆಯನ ಅಧಿಕಾರವನ್ನು ಪಡೆಯುವ ಉಪಾಯವನ್ನು ರಿಚಿ ಅವರು ರೂಪಿಸಿದರು. ಈ ಉಪಾಯಕ್ಕೆ 1979ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಅಧಿಕಾರವನ್ನು ವ್ಯಕ್ತಿಗೆ ಕೊಡದೆ ಕೆಲಸಕ್ಕೆ ಕೊಡಬಹುದೆಂಬ ವಿಚಾರ ಇದರಲ್ಲಿ ಅಡಕವಾಗಿತ್ತು.

ಈ ವಿಚಾರಕ್ಕೆ ತಾತ್ತ್ವಿಕ ರೂಪ ದೊರೆತದ್ದು 1975ರಲ್ಲಿ. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಶ್ರೋಡರ್ ಅವರು ಆ ವರ್ಷ ಪ್ರಕಟಿಸಿದ ಪ್ರಬಂಧದಲ್ಲಿ ಗಣಕ ವ್ಯವಸ್ಥೆಗಳ ರಕ್ಷಣೆಗೆ ಎಂಟು ವಿನ್ಯಾಸ ತತ್ತ್ವಗಳನ್ನು ಮಂಡಿಸಿದರು. ಅವುಗಳಲ್ಲಿ ಎರಡು ಇಲ್ಲಿ ಪ್ರಸ್ತುತವಾಗಿವೆ. ಮೊದಲನೆಯದು ಕನಿಷ್ಠ ಅಧಿಕಾರದ ತತ್ತ್ವ: ಒಪ್ಪಿಸಿದ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಎರಡನೆಯದು ಅಧಿಕಾರ ವಿಭಜನೆಯ ತತ್ತ್ವ: ಒಂದು ಕೀಲಿಯಿಂದ ತೆರೆಯುವ ಬೀಗಕ್ಕಿಂತ ಇಬ್ಬರ ಬಳಿ ಇರುವ ಎರಡು ಕೀಲಿಗಳಿಂದ ತೆರೆಯುವ ಬೀಗ ಹೆಚ್ಚು ಭದ್ರ. ಭಾರತದ ಸರ್ಕಾರಿ ಖಜಾನೆಗಳ ಭದ್ರಕೊಠಡಿಗಳಲ್ಲಿ ಜೋಡಿ ಬೀಗದ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದ್ದುದರಿಂದ ಈ ತತ್ತ್ವವು ಇಲ್ಲಿನ ಆಡಳಿತಕ್ಕೆ ಹೊಸದೇನಾಗಿರಲಿಲ್ಲ. ಗಣಕಯಂತ್ರದಲ್ಲಿ ಅದನ್ನು ಜಾರಿಗೆ ತರುವ ಸಾಧನಗಳು ಮಾತ್ರ ನಿಧಾನವಾಗಿ ಬಂದವು.

'ಸುಡೊ' ಮತ್ತು ಹಂಚಿಕೆಯ ಮೊದಲ ಹಂತ

ಅಂತಹ ಮೊದಲ ಸಾಧನಗಳಲ್ಲಿ ಪ್ರಮುಖವಾದುದು 'ಸುಡೊ'. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೊ ಕೇಂದ್ರದಲ್ಲಿ ಬಾಬ್ ಕಾಗ್ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಅವರು ಇದನ್ನು ರಚಿಸಿದರು. ರೂಟ್ ಖಾತೆಯ ಗುಪ್ತಪದವನ್ನು ಎಲ್ಲರಿಗೂ ಹೇಳುವ ಬದಲು, ಯಾರು ಯಾವ ಆದೇಶವನ್ನು ರೂಟ್ ಅಧಿಕಾರದಿಂದ ನಡೆಸಬಹುದೆಂಬುದನ್ನು ಪಟ್ಟಿಯೊಂದರಲ್ಲಿ ಬರೆದಿಡುವುದು ಇದರ ಕ್ರಮ. ಇದರಿಂದ ಎರಡು ಪ್ರಯೋಜನಗಳಾದವು. ಗುಪ್ತಪದವನ್ನು ಹಂಚುವ ಅಗತ್ಯ ತಪ್ಪಿತು. ಆದೇಶ ನೀಡಿದವರ ಹೆಸರು ದಾಖಲೆಯಲ್ಲಿ ಉಳಿಯುವ ಅವಕಾಶವೂ ಒದಗಿತು.

ಆದರೆ ಈ ಸಾಧನವೇ ವಿಶ್ವಾಸದ ಕೇಂದ್ರವಾಯಿತು. 2011ರಲ್ಲಿ ಸುಡೊದ ಮೂಲಸಂಕೇತದೊಳಗೆ ಸೇರಿಕೊಂಡ ದೋಷವೊಂದು 2021ರ ಜನವರಿಯಲ್ಲಿ ಬಹಿರಂಗವಾಯಿತು. ಯಂತ್ರದಲ್ಲಿ ಸಾಮಾನ್ಯ ಖಾತೆಯಿದ್ದ ಯಾರೇ ಆಗಲಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ, ಆ ದೋಷದ ಮೂಲಕ ರೂಟ್ ಅಧಿಕಾರವನ್ನು ಪಡೆಯಬಹುದಾಗಿತ್ತು. ಕಾವಲುಗಾರನಲ್ಲಿಟ್ಟ ವಿಶ್ವಾಸವನ್ನು ಯಾರು ಪರೀಕ್ಷಿಸಬೇಕು ಎಂಬ ಪ್ರಶ್ನೆ ಈ ಕ್ಷೇತ್ರದ ಪ್ರತಿ ಘಟ್ಟದಲ್ಲಿಯೂ ಮರಳಿ ಬರುವುದು ಗಮನಾರ್ಹ.

ವಾಣಿಜ್ಯ ತಂತ್ರಾಂಶಗಳ ಉದಯ

1990ರ ದಶಕದ ಅಂತ್ಯದ ವೇಳೆಗೆ ಒಂದೊಂದು ಸಂಸ್ಥೆಯಲ್ಲಿ ನೂರಾರು, ಸಾವಿರಾರು ಯಂತ್ರಗಳು ಸೇರಿಕೊಂಡವು. ಪ್ರತಿ ಯಂತ್ರಕ್ಕೂ ಒಂದು ನಿರ್ವಾಹಕ ಖಾತೆ. ಆ ಖಾತೆಯ ಗುಪ್ತಪದ ಹಲವರಿಗೆ ಗೊತ್ತು. ಉದ್ಯೋಗಿ ಕೆಲಸ ಬಿಟ್ಟರೂ ಗುಪ್ತಪದ ಬದಲಾಗದು. ಇದು ಅಂದಿನ ಸಾಮಾನ್ಯ ಸ್ಥಿತಿ. 1999ರಲ್ಲಿ ಇಸ್ರೇಲಿನಲ್ಲಿ ಸ್ಥಾಪನೆಯಾದ ಸೈಬರ್‌ಆರ್ಕ್ ಸಂಸ್ಥೆಯು ಗುಪ್ತಪದಗಳನ್ನು ಗೂಢಲಿಪೀಕರಿಸಿದ ತಿಜೋರಿಯೊಂದರಲ್ಲಿಡುವ ಕ್ರಮವನ್ನು ಮುಂದಿಟ್ಟಿತು.

ಇಂತಹ ತಂತ್ರಾಂಶಗಳಿಗೆ ಮಾರುಕಟ್ಟೆಯನ್ನು ಒದಗಿಸಿದ್ದು ಭದ್ರತೆಯ ಭಯಕ್ಕಿಂತ ಮಿಗಿಲಾಗಿ ಲೆಕ್ಕಪರಿಶೋಧನೆಯ ಕಾನೂನು ಎಂದು ಹೇಳಬಹುದು. ಎನ್ರಾನ್ ಕಂಪನಿಯ ಪತನದ ತರುವಾಯ 2002ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯಿದೆಯು ಹಣಕಾಸು ವರದಿಯ ಹಿಂದಿನ ಆಂತರಿಕ ನಿಯಂತ್ರಣಗಳಿಗೆ ಆಡಳಿತ ವರ್ಗವನ್ನೇ ಹೊಣೆ ಮಾಡಿತು. 2004ರ ಡಿಸೆಂಬರ್‌ನಲ್ಲಿ ಪ್ರಕಟವಾದ ಪಾವತಿ ಕಾರ್ಡುಗಳ ಭದ್ರತಾ ಮಾನದಂಡವು ವ್ಯವಸ್ಥೆಯನ್ನು ಪ್ರವೇಶಿಸುವ ಪ್ರತಿಯೊಬ್ಬನಿಗೂ ಪ್ರತ್ಯೇಕ ಗುರುತು ಇರಬೇಕೆಂದು ವಿಧಿಸಿತು. ಭಾರತದಲ್ಲಿ ರಿಸರ್ವ್ ಬ್ಯಾಂಕು 2016ರ ಜೂನ್ 2ರಂದು ಬ್ಯಾಂಕುಗಳಿಗೆ ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟಿನಲ್ಲಿ ವಿಶೇಷಾಧಿಕಾರ ಖಾತೆಗಳ ನಿಯಂತ್ರಣ ಹಾಗೂ ನಿಗಾವಣೆಯನ್ನು ಮೂಲಭೂತ ಅಗತ್ಯಗಳಲ್ಲಿ ಸೇರಿಸಿತು.

ನಾಲ್ಕು ವಿನ್ಯಾಸಗಳ ತುಲನೆ

ಹೆಸರುಗಳು ಅನೇಕವಿದ್ದರೂ ಈ ತಂತ್ರಾಂಶಗಳನ್ನು ನಾಲ್ಕು ವಿನ್ಯಾಸಗಳಾಗಿ ವಿಂಗಡಿಸಬಹುದು.

ಮೊದಲನೆಯದು ತಿಜೋರಿ ವಿನ್ಯಾಸ. ಸೈಬರ್‌ಆರ್ಕ್, ಥೈಕಾಟಿಕ್ ಸಂಸ್ಥೆಯ ಸೀಕ್ರೆಟ್ ಸರ್ವರ್, ಚೆನ್ನೈ ಮೂಲದ ಜೋಹೊ ಸಂಸ್ಥೆಯ ಪಾಸ್‌ವರ್ಡ್ ಮ್ಯಾನೇಜರ್ ಪ್ರೊ ಈ ಗುಂಪಿಗೆ ಸೇರುತ್ತವೆ. ನಿರ್ವಾಹಕನು ತಿಜೋರಿಯಿಂದ ಗುಪ್ತಪದವನ್ನು ಎರವಲು ಪಡೆಯುತ್ತಾನೆ. ಕೆಲಸ ಮುಗಿದ ಮೇಲೆ ತಂತ್ರಾಂಶವು ಅದನ್ನು ಬದಲಾಯಿಸುತ್ತದೆ. ಮೈಕ್ರೊಸಾಫ್ಟ್ 2015ರಲ್ಲಿ ಉಚಿತವಾಗಿ ನೀಡಿದ 'ಲ್ಯಾಪ್ಸ್' ಸಾಧನವು ಇದರ ಸೀಮಿತ ರೂಪ. ಸಂಸ್ಥೆಯ ಎಲ್ಲ ಗಣಕಗಳಲ್ಲಿಯೂ ಸ್ಥಳೀಯ ನಿರ್ವಾಹಕ ಖಾತೆಗೆ ಒಂದೇ ಗುಪ್ತಪದವಿರುವ ರೂಢಿಯನ್ನು ಅದು ತಪ್ಪಿಸಿತು. ಹಳೆಯ ಯಂತ್ರಗಳೊಂದಿಗೂ ಹೊಂದಿಕೊಳ್ಳುವುದು ತಿಜೋರಿ ವಿನ್ಯಾಸದ ಗುಣ. ಗುಪ್ತಪದವನ್ನು ಪಡೆದವನು ಯಂತ್ರದೊಳಗೆ ಏನು ಮಾಡಿದನೆಂಬುದನ್ನು ತಿಜೋರಿಯೊಂದೇ ಹೇಳಲಾರದೆಂಬುದು ಅದರ ಮಿತಿ.

ಎರಡನೆಯದು ಮಧ್ಯವರ್ತಿ ವಿನ್ಯಾಸ. ಫ್ರಾನ್ಸಿನ ವಾಲಿಕ್ಸ್ ಸಂಸ್ಥೆಯ ಬ್ಯಾಸ್ಟಿಯನ್ ಹಾಗೂ ಹಂಗೇರಿಯ ಬಾಲಾಬಿಟ್ ಸಂಸ್ಥೆಯ ತಂತ್ರಾಂಶ ಇದಕ್ಕೆ ನಿದರ್ಶನಗಳು. ಇಲ್ಲಿ ನಿರ್ವಾಹಕನ ಪ್ರತಿ ಸಂಪರ್ಕವೂ ನಡುವಿನ ಯಂತ್ರವೊಂದರ ಮೂಲಕ ಹಾದುಹೋಗುತ್ತದೆ. ಆ ಯಂತ್ರವು ಇಡೀ ಅಧಿವೇಶನವನ್ನು ದಾಖಲಿಸಿಕೊಳ್ಳುತ್ತದೆ. ತಿಜೋರಿ ವಿನ್ಯಾಸದ ಪ್ರಮುಖ ತಂತ್ರಾಂಶಗಳೂ ಮುಂದೆ ಈ ಸೌಲಭ್ಯವನ್ನು ಸೇರಿಸಿಕೊಂಡವು. ಮಧ್ಯವರ್ತಿಯನ್ನು ಬಳಸಿ ಹೋಗುವ ಅಡ್ಡದಾರಿ ಯಾವುದಾದರೂ ಉಳಿದಿದ್ದರೆ ದಾಖಲೆಯೂ ಅಪೂರ್ಣವಾಗುತ್ತದೆ.

ಮೂರನೆಯದು ಯಂತ್ರದೊಳಗಿನ ವಿಭಜನೆ. ಸುಡೊ ಹಾಕಿಕೊಟ್ಟ ಮಾರ್ಗವನ್ನು ವಾಣಿಜ್ಯ ರೂಪದಲ್ಲಿ ಮುಂದುವರಿಸಿದ ಪವರ್‌ಬ್ರೋಕರ್ ಮತ್ತು ಸೆಂಟ್ರಿಫೈ ತಂತ್ರಾಂಶಗಳು ಈ ವರ್ಗದವು. ನಿರ್ವಾಹಕನಿಗೆ ಗುಪ್ತಪದವನ್ನೇ ನೀಡದೆ, ಅವನ ಸ್ವಂತ ಹೆಸರಿನಲ್ಲಿಯೇ ಗೊತ್ತುಪಡಿಸಿದ ಆದೇಶಗಳಿಗೆ ಮಾತ್ರ ಅನುಮತಿ ನೀಡಲಾಗುತ್ತದೆ. ಕನಿಷ್ಠ ಅಧಿಕಾರದ ತತ್ತ್ವಕ್ಕೆ ಇದು ಸಮೀಪದ್ದು. ಆದರೆ ಪ್ರತಿ ಯಂತ್ರದಲ್ಲಿಯೂ ತಂತ್ರಾಂಶವನ್ನು ಅಳವಡಿಸಿ, ನಿಯಮಗಳನ್ನು ಕಾಲಕಾಲಕ್ಕೆ ತಿದ್ದಬೇಕಾದ ಶ್ರಮವಿದೆ.

ನಾಲ್ಕನೆಯದು ಕ್ಷಣಿಕ ಅಧಿಕಾರದ ವಿನ್ಯಾಸ. ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ 2010ರಲ್ಲಿ ಸೇರಿದ ಪ್ರಮಾಣಪತ್ರಗಳ ಸೌಲಭ್ಯವೂ 2015ರಲ್ಲಿ ಹೊರಬಂದ ಹ್ಯಾಶಿಕಾರ್ಪ್ ವಾಲ್ಟ್ ತಂತ್ರಾಂಶವೂ ಇದಕ್ಕೆ ಆಧಾರ ಒದಗಿಸಿದವು. ಇಲ್ಲಿ ಸ್ಥಿರವಾದ ಗುಪ್ತಪದವನ್ನು ಕಾಯುವ ಬದಲು, ಕೆಲಸದ ಅವಧಿಗೆ ಮಾತ್ರ ಸಲ್ಲುವ ಕೀಲಿಯನ್ನು ಸೃಷ್ಟಿಸಲಾಗುತ್ತದೆ. ಅವಧಿ ಮುಗಿದೊಡನೆ ಅದು ನಿರುಪಯುಕ್ತವಾಗುತ್ತದೆ. ಕದ್ದೊಯ್ಯಬಹುದಾದ ವಸ್ತುವಿನ ಆಯುಷ್ಯವೇ ಇದರಿಂದ ಕಡಿಮೆಯಾಗುತ್ತದೆ. ಕೀಲಿಯನ್ನು ಸೃಷ್ಟಿಸುವ ಕೇಂದ್ರದಲ್ಲಿ ಮಾತ್ರ ಸಂಪೂರ್ಣ ವಿಶ್ವಾಸವಿಡುವುದು ಅನಿವಾರ್ಯ.

ಕಾಲಕ್ರಮದಲ್ಲಿ ಈ ಸಂಸ್ಥೆಗಳು ಒಂದರೊಳಗೊಂದು ಸೇರಿದ್ದನ್ನೂ ಗಮನಿಸಬೇಕು. ಪವರ್‌ಬ್ರೋಕರ್ ತಂತ್ರಾಂಶದ ಒಡೆತನ ಹೊಂದಿದ್ದ ಬಿಯಾಂಡ್‌ಟ್ರಸ್ಟ್ ಸಂಸ್ಥೆಯನ್ನು 2018ರಲ್ಲಿ ಬೊಮ್‌ಗಾರ್ ಸಂಸ್ಥೆ ಕೊಂಡು ಅದೇ ಹೆಸರನ್ನು ಧರಿಸಿತು. ಅದೇ ವರ್ಷ ಬಾಲಾಬಿಟ್ ಸಂಸ್ಥೆಯು ಒನ್ ಐಡೆಂಟಿಟಿಯ ವಶಕ್ಕೆ ಬಂದಿತು. 2021ರಲ್ಲಿ ಒಂದುಗೂಡಿದ ಥೈಕಾಟಿಕ್ ಮತ್ತು ಸೆಂಟ್ರಿಫೈ 2022ರಲ್ಲಿ ಡೆಲಿನಿಯಾ ಎಂಬ ಹೆಸರು ಪಡೆದವು. ಸೈಬರ್‌ಆರ್ಕನ್ನು ಸುಮಾರು 25 ಶತಕೋಟಿ ಡಾಲರುಗಳಿಗೆ ಕೊಳ್ಳುವ ಒಪ್ಪಂದವನ್ನು ಪಾಲೊ ಆಲ್ಟೊ ನೆಟ್‌ವರ್ಕ್ಸ್ 2025ರ ಜುಲೈನಲ್ಲಿ ಘೋಷಿಸಿತು. ನಾಲ್ಕು ವಿನ್ಯಾಸಗಳ ನಡುವಿನ ಗಡಿ ಮಸುಕಾಗಲು ಈ ವಿಲೀನಗಳೂ ಕಾರಣ.

ವೈಫಲ್ಯಗಳ ಸಾಕ್ಷ್ಯ

ಸಾಧನಗಳ ನಿಜವಾದ ಮೌಲ್ಯ ತಿಳಿಯುವುದು ಅವು ವಿಫಲವಾದ ಸಂದರ್ಭಗಳಲ್ಲಿ. 2008ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಜಾಲದ ನಿರ್ವಾಹಕನೊಬ್ಬನು ತನಗೊಬ್ಬನಿಗೇ ಗೊತ್ತಿದ್ದ ಗುಪ್ತಪದಗಳನ್ನು ಮೇಲಧಿಕಾರಿಗಳಿಗೆ ಕೊಡಲು ನಿರಾಕರಿಸಿದನು. ಜಾಲವು ಎಂದಿನಂತೆ ನಡೆಯುತ್ತಿತ್ತು. ಆದರೆ 12 ದಿನಗಳ ಕಾಲ ಅದರ ಮೇಲೆ ನಗರಕ್ಕೆ ಹಿಡಿತವಿರಲಿಲ್ಲ. ಕೊನೆಗೆ ಸೆರೆಮನೆಗೆ ಬಂದ ಮೇಯರ್ ಗ್ಯಾವಿನ್ ನ್ಯೂಸಮ್ ಅವರಿಗೆ ಮಾತ್ರ ಆತ ಅವುಗಳನ್ನು ಒಪ್ಪಿಸಿದನು. 2010ರಲ್ಲಿ ಆತನಿಗೆ 4 ವರ್ಷಗಳ ಶಿಕ್ಷೆಯಾಯಿತು. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ರಹಸ್ಯ ದಾಖಲೆಗಳನ್ನು ಬಹಿರಂಗಪಡಿಸಿದ ಮೇಲೆ, ಆ ಸಂಸ್ಥೆಯು ನಿರ್ವಾಹಕರ ಕೆಲಸಕ್ಕೆ ಇಬ್ಬರ ಹಾಜರಿಯ ನಿಯಮವನ್ನು ತರಲು ಮುಂದಾಯಿತು. 1975ರಲ್ಲಿ ಮಂಡಿತವಾದ ಜೋಡಿ ಕೀಲಿಯ ತತ್ತ್ವವನ್ನು ಅಷ್ಟು ದೊಡ್ಡ ಸಂಸ್ಥೆಯೂ ಆಘಾತದ ನಂತರವೇ ಜಾರಿಗೆ ತರಬೇಕಾಯಿತು.

ನಿಯಂತ್ರಕ ತಂತ್ರಾಂಶವೇ ದಾಳಿಯ ದ್ವಾರವಾದ ಉದಾಹರಣೆಗಳೂ ಇವೆ. 2022ರಲ್ಲಿ ಜೋಹೊ ಸಂಸ್ಥೆಯ ಪಾಸ್‌ವರ್ಡ್ ಮ್ಯಾನೇಜರ್ ಪ್ರೊ ತಂತ್ರಾಂಶದಲ್ಲಿ ಕಂಡುಬಂದ ತೀವ್ರ ದೋಷವೊಂದನ್ನು ದಾಳಿಕಾರರು ಬಳಸಿಕೊಂಡರು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆಯ ಗಣಕಗಳಿಗೆ ನಡೆದ ಅನಧಿಕೃತ ಪ್ರವೇಶಕ್ಕೆ ಬಿಯಾಂಡ್‌ಟ್ರಸ್ಟ್ ಸಂಸ್ಥೆಯ ದೂರ ಸಹಾಯ ಸೇವೆಯ ಕೀಲಿಯೊಂದು ಅಪಹೃತವಾದುದೇ ಕಾರಣವೆಂದು ಆ ಇಲಾಖೆಯು ಸೆನೆಟ್ ಸಮಿತಿಗೆ ತಿಳಿಸಿತು. ಎಲ್ಲ ಕೀಲಿಗಳನ್ನೂ ಒಂದೆಡೆ ಇಟ್ಟಾಗ ಆ ಒಂದು ಎಡೆಯ ಬೆಲೆ ಶತ್ರುವಿಗೂ ಏರುತ್ತದೆ.

ಹೊರೈಜನ್ ಪ್ರಕರಣ: ದಾಖಲೆಯಿಲ್ಲದ ಅಧಿಕಾರದ ಬೆಲೆ

ಮೇಲಿನ ಎಲ್ಲ ಪ್ರಸಂಗಗಳಲ್ಲಿ ನಷ್ಟಕ್ಕೊಳಗಾದದ್ದು ಸಂಸ್ಥೆ. ಬ್ರಿಟನ್ನಿನ ಅಂಚೆ ಇಲಾಖೆಯ ಹೊರೈಜನ್ ಪ್ರಕರಣದಲ್ಲಿ ಮಾತ್ರ ನಷ್ಟಕ್ಕೊಳಗಾದವರು ಸಾಮಾನ್ಯ ಬಳಕೆದಾರರು. ಐ.ಸಿ.ಎಲ್. ಸಂಸ್ಥೆ ರೂಪಿಸಿ, ಮುಂದೆ ಫುಜಿತ್ಸು ನಿರ್ವಹಿಸಿದ ಹೊರೈಜನ್ ಲೆಕ್ಕಪತ್ರ ವ್ಯವಸ್ಥೆಯು 1999ರಿಂದ ಅಂಚೆ ಶಾಖೆಗಳಲ್ಲಿ ಬಳಕೆಗೆ ಬಂದಿತು. ಶಾಖೆಯ ಲೆಕ್ಕದಲ್ಲಿ ಕೊರತೆ ಕಂಡಾಗ ಅದನ್ನು ಶಾಖೆಯ ಉಪ ಅಂಚೆಪಾಲಕರೇ ತುಂಬಬೇಕಾಗಿತ್ತು. ತಮ್ಮ ಕೈಬರಹದ ಲೆಕ್ಕ ಸರಿಯಾಗಿದೆ ಎಂದು ಅವರು ಹೇಳಿದರೂ ಗಣಕದ ಲೆಕ್ಕವನ್ನೇ ನಂಬಲಾಯಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳವು, ವಂಚನೆ, ಸುಳ್ಳು ಲೆಕ್ಕದ ಆರೋಪಗಳಲ್ಲಿ ಶಿಕ್ಷೆಗೊಳಗಾದರು. ಹಲವರು ಸೆರೆಮನೆ ಸೇರಿದರು, ಅನೇಕರು ಮನೆ ಮಾರು ಕಳೆದುಕೊಂಡರು, ಕೆಲವರು ಪ್ರಾಣ ಕಳೆದುಕೊಂಡರು.

ಶಾಖೆಯ ಲೆಕ್ಕವನ್ನು ದೂರದಿಂದ ಯಾರೂ ಬದಲಾಯಿಸಲಾಗದು ಎಂಬುದು ಅಂಚೆ ಸಂಸ್ಥೆಯ ವಾದವಾಗಿತ್ತು. 2019ರ ಡಿಸೆಂಬರ್ 16ರಂದು ನ್ಯಾಯಮೂರ್ತಿ ಫ್ರೇಸರ್ ಅವರು ನೀಡಿದ ತೀರ್ಪು ಈ ವಾದವನ್ನು ತಳ್ಳಿಹಾಕಿತು. ಫುಜಿತ್ಸು ಸಿಬ್ಬಂದಿಯು ಉಪ ಅಂಚೆಪಾಲಕರಿಗೆ ತಿಳಿಯದಂತೆಯೇ ಶಾಖೆಯ ಲೆಕ್ಕಕ್ಕೆ ವ್ಯವಹಾರಗಳನ್ನು ಸೇರಿಸಲು, ತಿದ್ದಲು, ಅಳಿಸಲು ಶಕ್ತರಾಗಿದ್ದರೆಂಬುದು ಸ್ಥಿರಪಟ್ಟಿತು. ವಿಶೇಷಾಧಿಕಾರ ಬಳಕೆದಾರರ ದಾಖಲೆಗಳ ಸ್ಥಿತಿಯೂ ಆ ವಿಚಾರಣೆಯಲ್ಲಿ ಹೊರಬಂದಿತು. 2009ಕ್ಕೆ ಮೊದಲು ಅಂತಹ ದಾಖಲೆಯೇ ಇರಲಿಲ್ಲ. 2009ರಿಂದ 2015ರವರೆಗೆ ಪ್ರವೇಶ, ನಿರ್ಗಮನಗಳು ಮಾತ್ರ ದಾಖಲಾಗುತ್ತಿದ್ದವು. ಒಳಗೆ ನಡೆದ ಕೃತ್ಯಗಳು ದಾಖಲಾಗುತ್ತಿರಲಿಲ್ಲ. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು 39 ಜನರ ಶಿಕ್ಷೆಯನ್ನು ರದ್ದುಗೊಳಿಸಿತು. 2024ರ ಮೇ ತಿಂಗಳಲ್ಲಿ ವಿಶೇಷ ಕಾಯಿದೆಯ ಮೂಲಕ ಉಳಿದವರ ಶಿಕ್ಷೆಗಳನ್ನೂ ವ್ಯಾಪಕವಾಗಿ ರದ್ದುಪಡಿಸಲಾಯಿತು.

ಪ್ರತಿ ಕೊರತೆಗೂ ನಿರ್ವಾಹಕರ ಹಸ್ತಕ್ಷೇಪವೇ ಕಾರಣವೆಂದು ಇದರ ಅರ್ಥವಲ್ಲ. ತಂತ್ರಾಂಶದ ದೋಷಗಳ ಪಾಲೂ ಹಿರಿದಾಗಿತ್ತು. ಆದರೆ ಯಾವ ವ್ಯತ್ಯಾಸ ಯಾರಿಂದ ಆಯಿತು ಎಂಬುದನ್ನು ಬೇರ್ಪಡಿಸಿ ತೋರಿಸಬಲ್ಲ ದಾಖಲೆ ಇರಲಿಲ್ಲ. ಆ ಕೊರತೆಯನ್ನು ಸಂಸ್ಥೆಯು ತನ್ನ ಪರವಾಗಿ ಬಳಸಿಕೊಂಡಿತು. ಉಪ ಅಂಚೆಪಾಲಕನ ಪ್ರತಿ ಕೃತ್ಯಕ್ಕೂ ಅವನ ಹೆಸರಿತ್ತು. ಅವನಿಗಿಂತ ಮಿಗಿಲಾದ ಅಧಿಕಾರವುಳ್ಳವರ ಕೃತ್ಯಕ್ಕೆ ಹೆಸರಿರಲಿಲ್ಲ.

ಕರ್ನಾಟಕದ ಸಂದರ್ಭ

ಇದೇ ಪ್ರಶ್ನೆ ಕರ್ನಾಟಕದ ಭೂದಾಖಲೆಗಳ ಚರಿತ್ರೆಯಲ್ಲಿಯೂ ಎದುರಾಗಿದೆ. ವಂಶಪಾರಂಪರ್ಯವಾಗಿ ಗ್ರಾಮದ ಲೆಕ್ಕವಿಡುತ್ತಿದ್ದ ಶಾನುಭೋಗರ ಹುದ್ದೆಯನ್ನು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯ ಮೂಲಕ ತೆಗೆದುಹಾಕಿದ ನಂತರ ಆ ಹೊಣೆ ಗ್ರಾಮಲೆಕ್ಕಿಗರಿಗೆ ಬಂದಿತು. ಪಹಣಿಯನ್ನು ತಿದ್ದುವ ಅಧಿಕಾರ ಒಬ್ಬರ ಕೈಯಲ್ಲಿ ಉಳಿದುದರಿಂದ ರೈತರ ದೂರುಗಳೂ ಉಳಿದವು. 2000ದ ದಶಕದ ಆರಂಭದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಗಣಕೀಕರಿಸಿತು. ದಾಖಲೆಯನ್ನು ತಿದ್ದುವ ಸಿಬ್ಬಂದಿಯ ಗುರುತಿಗೆ ಗುಪ್ತಪದವನ್ನಷ್ಟೇ ನೆಚ್ಚದೆ ಬೆರಳಚ್ಚನ್ನು ಬಳಸಿದ್ದು ಅದರ ವಿಶೇಷ. ಈ ಕೆಲಸವನ್ನು ತಾನು ಮಾಡಲಿಲ್ಲವೆಂದು ಸಿಬ್ಬಂದಿ ಹೇಳುವಂತಿರಬಾರದು ಎಂಬುದು ಇದರ ಉದ್ದೇಶವಾಗಿತ್ತು. ಹೊರೈಜನ್ ಪ್ರಕರಣದ ಬೆಳಕಿನಲ್ಲಿ ನೋಡಿದರೆ, ಇಂತಹ ನಿಯಮವು ಮುಂದಿನ ಮೇಜಿನ ಸಿಬ್ಬಂದಿಗೆ ಅನ್ವಯಿಸಿದಷ್ಟೇ ಕಟ್ಟುನಿಟ್ಟಾಗಿ ಹಿನ್ನೆಲೆಯ ದತ್ತಾಂಶ ನಿರ್ವಾಹಕರಿಗೂ ಅನ್ವಯಿಸುವುದು ಅಗತ್ಯವೆಂಬುದು ಸ್ಪಷ್ಟವಾಗುತ್ತದೆ.

ದಾಖಲೆಗಳನ್ನು ಎಷ್ಟು ಕಾಲ ಇಡಬೇಕೆಂಬುದೂ ಗಣನೀಯ ವಿಷಯ. ಭಾರತದ ಗಣಕ ತುರ್ತು ಪ್ರತಿಕ್ರಿಯಾ ತಂಡವು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡಬೇಕು. ದಾಳಿಯ ತನಿಖೆಗೆ ಈ ಅವಧಿ ಸಾಕಾಗಬಹುದು. ಆದರೆ ಉಪ ಅಂಚೆಪಾಲಕರು ತಮ್ಮ ನಿರಪರಾಧಿತ್ವವನ್ನು ಸ್ಥಾಪಿಸಲು ಎರಡು ದಶಕಗಳೇ ಬೇಕಾದವು.

ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ವಿದಿತವಾಗುತ್ತವೆ. ವಿಶೇಷಾಧಿಕಾರವನ್ನು ಯಾವ ತಂತ್ರಾಂಶವೂ ಇಲ್ಲವಾಗಿಸಿಲ್ಲ. ತಿಜೋರಿಯು ಅದನ್ನು ಪಾಲಕನಿಗೆ, ಮಧ್ಯವರ್ತಿಯು ನಡುವಿನ ಯಂತ್ರಕ್ಕೆ, ಯಂತ್ರದೊಳಗಿನ ವಿಭಜನೆಯು ನಿಯಮ ಬರೆಯುವವನಿಗೆ, ಕ್ಷಣಿಕ ಅಧಿಕಾರದ ವಿನ್ಯಾಸವು ಕೀಲಿ ಸೃಷ್ಟಿಸುವ ಕೇಂದ್ರಕ್ಕೆ ವರ್ಗಾಯಿಸುತ್ತದೆ. ಆದುದರಿಂದ ಇವುಗಳನ್ನು ಹೋಲಿಸುವಾಗ ಮೂರು ಪ್ರಶ್ನೆಗಳನ್ನು ಮೊದಲು ಕೇಳುವುದು ಯುಕ್ತ. ನಡೆದ ಕೃತ್ಯವನ್ನು ದಾಖಲೆಯು ಖಾತೆಯೊಂದಕ್ಕೆ ಮಾತ್ರ ತೋರಿಸುತ್ತದೆಯೇ ಅಥವಾ ವ್ಯಕ್ತಿಗೆ ತೋರಿಸುತ್ತದೆಯೇ? ಆ ದಾಖಲೆಯು, ಅದರಲ್ಲಿ ಹೆಸರಿಸಲ್ಪಟ್ಟವರು ಅಳಿಸಲಾಗದ ಸ್ಥಳದಲ್ಲಿದೆಯೇ? ನಿಯಂತ್ರಕ ತಂತ್ರಾಂಶವೇ ವಿಫಲವಾದರೆ ವ್ಯವಸ್ಥೆಯನ್ನು ಮರಳಿ ಪಡೆಯುವ ದಾರಿ ಒಬ್ಬನಿಗಿಂತ ಹೆಚ್ಚು ಜನರಿಗೆ ತಿಳಿದಿದೆಯೇ?

ಇತಿಹಾಸಕಾರರು ತಾಮ್ರಶಾಸನವೊಂದು ನಿಜವಾದುದೋ ಕೂಟಶಾಸನವೋ ಎಂದು ನಿರ್ಣಯಿಸುವಾಗ ಅದರ ಮುದ್ರೆ, ಲಿಪಿ, ಬರೆದವನ ಮತ್ತು ಕಂಡರಿಸಿದವನ ಹೆಸರುಗಳನ್ನು ಪರಿಶೀಲಿಸುತ್ತಾರೆ. ಅರಸನ ಆಜ್ಞೆಯನ್ನು ಕಂಡರಿಸಿದ ಕೈಯೂ ತನ್ನ ಹೆಸರನ್ನು ಬಿಟ್ಟುಹೋಗಿರುವುದು ಅನೇಕ ಶಾಸನಗಳಲ್ಲಿ ಕಂಡುಬರುತ್ತದೆ. ಗಣಕದ ದಾಖಲೆಗಳೇ ಮುಂದಿನ ಕಾಲದ ಆಕರಗಳಾಗಲಿರುವುದರಿಂದ, ಅವುಗಳನ್ನು ತಿದ್ದಬಲ್ಲ ಕೈಗಳ ಹೆಸರೂ ಅವುಗಳೊಂದಿಗೆ ಉಳಿಯುವಂತೆ ನೋಡಿಕೊಳ್ಳುವುದು ವ್ಯಾಪಾರ ಸಂಸ್ಥೆಗಳ ಹಿತಕ್ಕೆ ಎಷ್ಟು ಅವಶ್ಯವೋ ನ್ಯಾಯದ ಹಿತಕ್ಕೂ ಅಷ್ಟೇ ಅವಶ್ಯವಾಗಿದೆ.